ಏವಿಸಳ ಬುಧವಾರಗಳು

ಏವಿಸ್ ಆರ್ಮರಾಡ್ ನಮ್ಮ ಬೀದಿಯ ಕೊನೆಯ ಮನೆಯವಳು. ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿರುವ ನಮ್ಮ ಊರಲ್ಲಿ ಬಟ್ಟೆ ಗಿರಣಿಗಳು ಇನ್ನೂ ಓಡುತ್ತಿದ್ದ ಕಾಲ. ಹುಡುಗಿಯಾಗಿದ್ದಾಗಲೇ ಮಗ್ಗದ ಮುಂದೆ ನಿಂತಳು. ಆ ಗದ್ದಲಕ್ಕೆ ಅವಳ ಕಿವಿ ಮಂದವಾಯಿತು. ಗಿರಣಿಯ ಹೆಂಗಸರೆಲ್ಲರ ಹಾಗೆ ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು.

ಹತ್ತೊಂಬತ್ತನೆಯ ವಯಸ್ಸಿಗೆ ಕ್ಷಯ ತಗುಲಿ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ವರ್ಷದ ಮೇಲೆ ಮಲಗಬೇಕಾಯಿತು. ಅಲ್ಲಿ ಓದಲು ಸಿಕ್ಕಿದ್ದು ಪದಗಳ ಹುಟ್ಟು ಹೇಳುವ ಒಂದು ಹಳೆಯ ನಿಘಂಟು ಮಾತ್ರ. ಬೇಸರ ಕಳೆಯಲೆಂದು ತೆರೆದವಳಿಗೆ ಅದರ ಹುಚ್ಚು ಹಿಡಿಯಿತು. ಒಂದೇ ತರಹ ಕಾಣುವ ಎರಡು ಪದ ಸಿಕ್ಕರೆ ಅವು ನಿಜವಾಗಿ ನೆಂಟರೋ ಅಲ್ಲವೋ ಎಂದು ನೋಡುವುದು ಅವಳಿಗೆ ಬಲು ಖುಷಿ. ಗಂಡ ಕ್ಲಿಫರ್ಡ್ ರೈಲ್ವೆಯಲ್ಲಿದ್ದ. ಸಂಜೆ ಅವಳು ಹೇಳುವುದನ್ನೆಲ್ಲ ಪೈಪು ಸೇದುತ್ತ ಕೇಳುತ್ತಿದ್ದ. ಮಕ್ಕಳಿರಲಿಲ್ಲ.

ನಾನು, ನನ್ನ ಗಂಡ ಮೂಲೆಯ ಪಬ್ ನಡೆಸುತ್ತಿದ್ದೆವು. ಕ್ಲಿಫರ್ಡ್ ತೀರಿಕೊಂಡ ಮೇಲೆ ಏವಿಸ್ ಮಂಕಾಗಿ ಕೂತುಬಿಟ್ಟಾಳೆಂದು, ಗುರುವಾರದ ಕ್ವಿಜ್‌ಗೆ ಪ್ರಶ್ನೆ ಮಾಡಿಕೊಡು ಎಂದು ನಾವೇ ಒತ್ತಾಯಿಸಿದೆವು. ಅವಳು ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದಳೆಂದರೆ ಪಕ್ಕದ ಊರಿನವರೂ ಬರತೊಡಗಿದರು. ಕೊನೆಯ ಸುತ್ತು ಯಾವಾಗಲೂ ಪದಗಳದ್ದು. ಗೆದ್ದ ತಂಡಕ್ಕೆ ಕಟುಕರ ಅಂಗಡಿಯಿಂದ ಭಾನುವಾರಕ್ಕಾಗುವಷ್ಟು ದನದ ಮಾಂಸ.

ಆ ದಿನಗಳಲ್ಲಿ ಏವಿಸಳಿಗೆ ಆಸರೆಯಾದವಳು ನೊರೀನ್ ಹೋಲ್ಡನ್. ಇಬ್ಬರೂ ಒಂದೇ ಗಿರಣಿಯಲ್ಲಿ ಅಕ್ಕಪಕ್ಕದ ಮಗ್ಗ ನೋಡಿಕೊಂಡವರು. ಪ್ರತಿ ಬುಧವಾರ ಮಧ್ಯಾಹ್ನ ನೊರೀನ್ ಶುಂಠಿ ಕೇಕು ಹಿಡಿದು ಬರುತ್ತಿದ್ದಳು, ಚಹಾ ಮುಗಿಯುವಷ್ಟರಲ್ಲಿ "ಈ ವಾರ ಏನು ಸಿಕ್ತು, ಹೇಳೇ" ಎನ್ನುತ್ತಿದ್ದಳು. ಏವಿಸ್ ಹೇಳುತ್ತಿದ್ದಳು. ನೊರೀನ್ ಕ್ವಿಜ್ ಆಡುವವಳಲ್ಲ, ಪಬ್ಬಿಗೆ ಬರುವುದೂ ಅಪರೂಪ. ಆಡುತ್ತಿದ್ದವನು ಅವಳ ಗಂಡ ಬರ್ನಾರ್ಡ್. ಅವನು ಕುದುರೆ ರೇಸಿನ ಪುಟ ಬಿಟ್ಟು ಇನ್ನೇನನ್ನೂ ಓದಿದವನಲ್ಲ. ಅವನ ತಂಡ ಎರಡು ಚಳಿಗಾಲ ಪದಗಳ ಸುತ್ತಿನಲ್ಲೇ ಮೇಲೆ ಬಂದು ಗೆಲ್ಲುತ್ತಿತ್ತು. ಏವಿಸ್ ಅದರಲ್ಲಿ ಕೇಡು ಕಾಣಲಿಲ್ಲ. ಬರ್ನಾರ್ಡನಿಗೂ ಪದಗಳ ರುಚಿ ಹತ್ತಿದೆ ಎಂದು ನನ್ನ ಬಳಿ ಸಂತೋಷದಿಂದ ಹೇಳಿದ್ದಳು.

ಆ ವರ್ಷದ ಕೊನೆಯ ಪಂದ್ಯಕ್ಕೆ ನೊರೀನಳೂ ಬಂದು ಕಿಟಕಿಯ ಬಳಿ ಕೂತಿದ್ದಳು. ಬರ್ನಾರ್ಡನ ತಂಡ, ಎಲೆಕ್ಟ್ರಿಷಿಯನ್ ಡೆಸ್ಮಂಡನ ತಂಡ ಎರಡೂ ಸಮವಾದವು. ಇನ್ನೊಂದು ಪ್ರಶ್ನೆ, ಮೊದಲು ಕೈ ಎತ್ತಿದವರು ಬಾಯಲ್ಲೇ ಹೇಳಬೇಕು. ಏವಿಸ್ ಮೈಕು ಹಿಡಿದು ಕೇಳಿದಳು: "ಸಾರಿ ಅನ್ನೋ ಪದ, ಸಾರೋ ಅನ್ನೋ ಪದ, ಎರಡೂ ಒಂದೇ ಬೇರಿಂದ ಬಂದವಾ?"

ಬಸ್ಸು ತಡವಾದರೂ ಸಾರಿ, ಕಾಲು ತುಳಿದರೂ ಸಾರಿ ಎನ್ನುವವರು ನಾವು. ಸಾರೋ ಎಂದರೆ ಮನೆಯವರು ಸತ್ತಾಗ ಎದೆಯಲ್ಲಿ ಕೂರುವ ದುಃಖ. ಒಂದು ಇನ್ನೊಂದರಿಂದ ಬಂದಿರಲೇಬೇಕು ಎಂದು ಯಾರಾದರೂ ಹೇಳುತ್ತಾರೆ. ಬರ್ನಾರ್ಡ್ ಕೈ ಎತ್ತಿದ.

"ಅಲ್ಲ," ಎಂದ. "ಸಾರಿ ಬಂದಿದ್ದು ಹುಣ್ಣು, ನೋವು ಅನ್ನೋ ಹಳೇ ಪದದಿಂದ. ಸಾರೋ ಬಂದಿದ್ದು ಚಿಂತೆ, ದುಃಖ ಅನ್ನೋ ಬೇರೆ ಪದದಿಂದ. ಬೇರೆ ಬೇರೆ ಮನೆಯ ಇಬ್ರು ಹೆಂಗಸ್ರು ಒಂದೇ ಅಂಗಡೀಲಿ ಕೋಟು ತಗೊಂಡಂಗೆ. ಹಿಂದಿಂದ ನೋಡಿದೋರು ಅಕ್ಕತಂಗಿ ಅಂದ್ಕೋತಾರೆ."

ಜನ ನಕ್ಕು ಚಪ್ಪಾಳೆ ತಟ್ಟಿದರು. ಏವಿಸಳ ಮುಖದ ಬಣ್ಣ ಇಳಿಯಿತು. ಆ ಕೋಟಿನ ಮಾತು ಯಾವ ನಿಘಂಟಿನಲ್ಲೂ ಇರಲಿಲ್ಲ. ಹಿಂದಿನ ದಿನ ಅಡುಗೆಮನೆಯಲ್ಲಿ, ಕ್ಲಿಫರ್ಡನ ಮಣ್ಣಿಗೆ ಒಂದೇ ತರಹದ ಕೋಟು ಹಾಕಿ ಬಂದಿದ್ದ ಇಬ್ಬರ ನೆನಪು ತೆಗೆದು, ತನಗೇ ಹೊಳೆದಂತೆ ಅವಳು ನೊರೀನಳಿಗೆ ಹೇಳಿದ್ದು ಅದು.

ಡೆಸ್ಮಂಡ್ ಎದ್ದು ನಿಂತ. "ಏವಿಸ್, ಬೇಜಾರು ಮಾಡ್ಕೋಬೇಡಿ, ನೇರವಾಗಿ ಕೇಳ್ತೀನಿ. ಬರ್ನಾರ್ಡ್‌ಗೆ ನೀವು ಮೊದಲೇ ಹೇಳಿದ್ರಾ?"

"ಬರ್ನಾರ್ಡ್‌ಗೆ ನಾನು ಏನೂ ಹೇಳಿಲ್ಲ," ಎಂದಳು.

ಬರ್ನಾರ್ಡ್ ಗ್ಲಾಸು ತಿರುಗಿಸುತ್ತ, ತನಗೇನು ಗೊತ್ತು ಎನ್ನುವ ಹಾಗೆ ಮುಗುಳ್ನಕ್ಕ. ಏವಿಸ್ ಕಿಟಕಿಯ ಕಡೆ ನೋಡಿದಳು. ಆ ಗದ್ದಲದಲ್ಲಿ ನೊರೀನ್ ಸದ್ದಿಲ್ಲದೆ ತುಟಿ ಆಡಿಸಿದ್ದರೂ ಅವಳಿಗೆ ತಿಳಿಯುತ್ತಿತ್ತು. ನೊರೀನ್ ತುಟಿ ಬಿಗಿಹಿಡಿದು ಕೈಚೀಲದ ಕೊಂಡಿ ನೋಡುತ್ತ ಕೂತಳು. ಅವಳ ಹೆಸರನ್ನು ಏವಿಸ್ ಹೇಳಬಹುದಿತ್ತು, ಹೇಳಲಿಲ್ಲ. ಪ್ರಶ್ನೆ ಮಾಡಿದವಳೇ ಉತ್ತರ ಹಂಚಿದ್ದಾಳೆ ಎಂದು ಹಿಂದಿನ ಮೇಜಿನಲ್ಲಿ ಯಾರೋ ಅಂದರು. ಅವಳು ಮೈಕು ಕೆಳಗಿಡುವುದನ್ನೂ ಮರೆತು, ಕೋಟು ಹಾಕಿಕೊಂಡು ಅದನ್ನು ಹಿಡಿದೇ ಮನೆಗೆ ನಡೆದಳು.

ಮುಂದಿನ ಬುಧವಾರ ಮೈಕು ಕೇಳಲು ನಾನು ಅವಳ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ಹಿತ್ತಲ ಬಾಗಿಲಿಂದ ನೊರೀನ್ ಬಂದಳು, ಎಂದಿನಂತೆ ಕೇಕಿನ ಡಬ್ಬಿ ಹಿಡಿದು. ನನ್ನನ್ನು ಕಂಡು ಅಳುಕಿದರೂ ಹಿಂದೆ ಸರಿಯಲಿಲ್ಲ.

"ಸಾರಿ ಕಣೇ ಏವಿಸ್," ಎಂದಳು. "ಅವನು ಪ್ರಾಣ ತಿನ್ನೋನು, ಏನು ಹೇಳಿದ್ಲು ಏನು ಹೇಳಿದ್ಲು ಅಂತ. ಒಂದು ಕ್ವಿಜ್ ತಾನೇ, ಯಾರ ಪ್ರಾಣಾನೂ ಹೋಗಿಲ್ವಲ್ಲ."

"ಕ್ವಿಜ್ ಮನೆ ಹಾಳಾಗ್ಲಿ ಬಿಡು," ಎಂದಳು ಏವಿಸ್. "ನಾನು ಹೇಳ್ತಿದ್ದಾಗ ನೀನು ಕೇಳ್ತಿದ್ಯಲ್ಲ, ಅದು ನಿಂಗೋಸ್ಕರ ಕೇಳ್ತಿದ್ಯಾ?"

ನೊರೀನ್ ಡಬ್ಬಿಯ ಮುಚ್ಚಳ ಒತ್ತಿದಳು. ಸುಳ್ಳು ಹೇಳಿಬಿಟ್ಟರೆ ಸಾಕಪ್ಪ ಎಂದು ನನಗೇ ಅನ್ನಿಸಿತು.

"ಮೊದಮೊದಲು ಹಂಗೇ ಕೇಳ್ತಿದ್ದೆ. ಕ್ಲಿಫರ್ಡ್ ಹೋಗಿದ್ದ, ನಿಂಗೆ ಮಾತಾಡ್ಬೇಕಿತ್ತು. ಆಮೇಲೆ... ನೆನಪಿಟ್ಕೊಳ್ಳೋಕೆ ಕೇಳ್ತಿದ್ದೆ."

ಏವಿಸ್ ತಲೆಯಾಡಿಸಿದಳು. "ಸಾರಿ ಅಂದ್ರೆ ಏನು ಅಂತ ನಿಂಗೆ ಗೊತ್ತು ನೊರೀನ್. ನಾನೇ ಹೇಳ್ಕೊಟ್ಟಿದ್ದೆ. ಕೇಕು ತಗೊಂಡು ಹೋಗು."

ಅವಳು ಹೋದ ಮೇಲೂ ಏವಿಸ್ ಅಳಲಿಲ್ಲ. ಪಬ್ಬಿನಲ್ಲಿ ತಲೆ ತಗ್ಗಿಸಿದ್ದಕ್ಕಿಂತ ಹೆಚ್ಚಾಗಿ, ಎರಡು ಚಳಿಗಾಲ ತನ್ನ ಮಾತಿಗೆ ಹೂಂಗುಟ್ಟುತ್ತಿದ್ದ ಮುಖ ಗಂಡನಿಗೆ ಸುದ್ದಿ ಒಯ್ಯಲು ಕೂತಿತ್ತಲ್ಲ ಎಂಬುದೇ ತನ್ನನ್ನು ಸುಡುತ್ತಿದೆ ಎಂದು ನನಗೆ ಹೇಳಿದಳು. ಯಾವ ಬುಧವಾರದಿಂದ ಅದು ಶುರುವಾಯಿತು ಎಂದು ಗೊತ್ತಿದ್ದರೆ ಅದರ ಹಿಂದಿನವನ್ನಾದರೂ ಇಟ್ಟುಕೊಳ್ಳಬಹುದಿತ್ತು ಎಂದಳು.

ನನ್ನ ಗಂಡ ಎಲ್ಲರೆದುರು ಅವಳ ಪರ ಮಾತಾಡಿದ, ಡೆಸ್ಮಂಡನೂ ಬಂದು ಕ್ಷಮೆ ಕೇಳಿದ. ಆದರೂ ಅವಳು ಕ್ವಿಜ್‌ಗೆ ಮರಳಲಿಲ್ಲ. ಅಚ್ಚಾದ ಪ್ರಶ್ನೆಗಳನ್ನು ತರಿಸಿ ನಾವು ನಡೆಸಿಕೊಂಡು ಹೋದೆವು. ಪದಗಳ ಸುತ್ತು ನಿಂತುಹೋಯಿತು. ನೊರೀನಳೂ ಅವಳೂ ಬೀದಿಯಲ್ಲಿ ಎದುರಾದರೆ ತಲೆಯಾಡಿಸುತ್ತಿದ್ದರು, ಅಷ್ಟೆ.

ವರ್ಷಗಳ ಮೇಲೆ ಒಂದು ದಿನ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಏವಿಸ್ ನನ್ನ ಮುಂದಿದ್ದಳು. ಮಾತಿಗೆಳೆಯಲೆಂದು ಭುಜ ಮುಟ್ಟಿ, ಅವಳು ನನ್ನ ಕಡೆ ತಿರುಗಿದ ಮೇಲೆ ಕೇಳಿದೆ: "ಏವಿಸ್, ಪೆನ್ನೂ ಪೆನ್ಸಿಲೂ ನೆಂಟರೇನೇ?"

ಅವು ನೆಂಟರಲ್ಲ ಎಂಬುದು ಆಸ್ಪತ್ರೆಯ ದಿನಗಳಿಂದಲೇ ಅವಳಿಗೆ ಗೊತ್ತಿತ್ತು. ಒಂದು ಕ್ಷಣ ತುಟಿ ತೆರೆಯಿತು. ನನ್ನ ಮುಖವನ್ನು ಪರೀಕ್ಷಿಸುವ ಹಾಗೆ ನೋಡಿದಳು.

"ನಂಗೊತ್ತಿಲ್ಲ ಕಣೇ," ಎಂದಳು, ಮತ್ತೆ ಸಾಲಿನ ಕಡೆ ತಿರುಗಿಕೊಂಡಳು.