ಬಡಗು ಬಾಲ್ಕನಿಯ ಬಿಸಿಲು

ಎಲ್ಲ ಎಂದಿನಂತಿದ್ದ ಕೊನೆಯ ದಿನ ಒಂದು ಶುಕ್ರವಾರ. ಜೂನ್ ಮೂರನೇ ವಾರ. ಕೊಲ್ಲಿ ದೇಶದ ಅಲ್ ಖೌದ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅತ್ತೆ ಮಣೆ ಹಾಕಿಕೊಂಡು, ಮಲ್ಲಿಗೆ ಗಿಡದ ಪಕ್ಕ ಕುಳಿತು ಬಿಸಿಲಿಗಾಗಿ ಕಾಯುತ್ತಿದ್ದರು. ರಸ್ತೆಯ ಮೇಲೆಲ್ಲ ಕಣ್ಣು ಬಿಡಲಾಗದ ಬಿಸಿಲು. ಬಾಲ್ಕನಿಯೊಳಗೆ ಮಾತ್ರ ಒಂದು ಚೂರೂ ಇಲ್ಲ.

"ಒಳಗೆ ಬನ್ನಿ ಅತ್ತೆ, ಸೆಕೆ," ಎಂದೆ.

"ತಡಿ ಮಾರಾಯ್ತಿ, ಹನ್ನೆರಡು ಆಗ್ಲಿ. ಅವ ಈಚೆ ವಾಲಲೇಬೇಕು."

ಅವ ಎಂದರೆ ಸೂರ್ಯ. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನನ್ನ ಗಂಡ ಒಂದು ಕಟ್ಟಡ ಕಂಪನಿಯಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್. ಬೆಳಿಗ್ಗೆ ಅವರೂ ಮಗಳೂ ಹೊರಟರೆ ಮನೆಯಲ್ಲಿ ನಾನೊಬ್ಬಳೇ. ಹಿಂದಿನ ಡಿಸೆಂಬರಿನಲ್ಲಿ ಅತ್ತೆ ಊರಿನಿಂದ ಬಂದ ಮೇಲೆ ನನ್ನ ದಿನಕ್ಕೆ ಮಾತು ಬಂತು. ಉಡುಪಿಯ ಕಡೆ ವರ್ಷವಿಡೀ ತೆಳ್ಳಗಿನ ಹತ್ತಿ ಸೀರೆಯಲ್ಲಿ ಕಳೆದವರು, ಮರಳುಗಾಡೆಂದರೆ ಬರೀ ಸೆಕೆ ಎಂದುಕೊಂಡು ಒಂದು ಶಾಲನ್ನೂ ತಂದಿರಲಿಲ್ಲ. ಮೊದಲ ಬೆಳಿಗ್ಗೆಯೇ ಮಗನ ಸ್ವೆಟರ್ ಹಾಕಿಕೊಂಡು ಅಡುಗೆಮನೆಗೆ ಬಂದರು. "ಇಲ್ಲಿ ಚಳಿಯೂ ಉಂಟು ಅಂತ ಯಾರಾದ್ರೂ ಒಂದು ಮಾತು ಹೇಳ್ಬೇಕಾ ಬೇಡವಾ?"

ಸಂಜೆ ದೀಪ ಹಚ್ಚುವ ಹೊತ್ತೂ ಅವರಿಗೆ ತಲೆನೋವಾಯಿತು. ಡಿಸೆಂಬರಿನಲ್ಲಿ ಐದೂವರೆಗೇ ಕತ್ತಲು. ಮೇ ಕಳೆದರೆ ಏಳಾದರೂ ಬೆಳಕು. ಊರಲ್ಲಿ ಸೂರ್ಯ ಮುಳುಗುವ ಹೊತ್ತು ಇಷ್ಟು ಹಿಂದೆಮುಂದೆ ಆಗುವುದಿಲ್ಲ. "ಇಲ್ಲಿನ ದೇವರಿಗೆ ಟೈಮ್‌ಟೇಬಲ್ ಇಲ್ಲ," ಎನ್ನುತ್ತಿದ್ದರು.

ಗಿಡ ಇಲ್ಲಿಯದೇ ನರ್ಸರಿಯದು. ನಮಗಿದ್ದದ್ದು ಒಂದೇ ಬಾಲ್ಕನಿ, ಅದೂ ಉತ್ತರಕ್ಕೆ; ಎರಡು ಪಕ್ಕದಲ್ಲೂ ಎತ್ತರದ ಕಟ್ಟಡಗಳು. ಇಲ್ಲಿ ಹೂವಾಗದು ಎಂದು ಗಂಡ ಅಂದೇ ಹೇಳಿದರು. ಅತ್ತೆ ಒಪ್ಪಲಿಲ್ಲ. ಊರಿನ ಮನೆಯ ಬಡಗು ಜಗಲಿಗೂ ಚಳಿಗಾಲದಲ್ಲಿ ಬಿಸಿಲಿಲ್ಲ. ಮೇ ಬಂತೆಂದರೆ ಸೂರ್ಯ ನಡುನೆತ್ತಿ ದಾಟಿ ಬಡಗಿಗೆ ವಾಲುತ್ತಾನೆ, ಮಧ್ಯಾಹ್ನ ಜಗಲಿಯ ಅಂಚಿಗೆ ಒಂದೂವರೆ ಗೇಣು ಬಿಸಿಲು ಬೀಳುತ್ತದೆ. ಅವರ ಮಲ್ಲಿಗೆ ಬೆಳೆದದ್ದು ಆ ಒಂದೂವರೆ ಗೇಣಿನಲ್ಲಿ. "ಸೂರ್ಯ ಒಬ್ಬನೇ ಅಲ್ವಾ? ಅಲ್ಲಿ ಬರುವವ ಇಲ್ಲಿಗೆ ಯಾಕೆ ಬರುವುದಿಲ್ಲ?"

ಗಂಡ ಒಂದು ತೆಂಗಿನಕಾಯಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದರು. ನಡುವಿನದು ಭೂಮಧ್ಯರೇಖೆ. ಅದರಿಂದ ಹದಿಮೂರು ಡಿಗ್ರಿ ಮೇಲೆ ನಮ್ಮ ಊರು. ಇಪ್ಪತ್ತಮೂರೂವರೆಯ ಹತ್ತಿರ ಸೂರ್ಯ ಹಿಂದಿರುಗುವ ಗೆರೆ. ಅಲ್ ಖೌದ್ ಅದಕ್ಕಿಂತ ಕೂದಲೆಳೆಯಷ್ಟು ಆಚೆ, ಬಡಗಿಗೆ. "ಅಮ್ಮ, ಅವ ನಮ್ಮ ತಲೆ ಮೇಲೆ ತನಕ ಬರ್ತಾನೆ. ಅಲ್ಲಿಂದ ವಾಪಸ್."

"ಇಟ್ಸ್ ಜಿಯಾಗ್ರಫಿ, ಅಜ್ಜಿ," ಎಂದಳು ಮಗಳು.

"ನಿನ್ನ ಜಾಗ್ರಫಿ ನನ್ನ ಚಟ್ನಿಗಾಗ್ತದೆ, ಕೊಡು," ಎಂದು ಅತ್ತೆ ಕಾಯಿ ಕಿತ್ತುಕೊಂಡು ಒಡೆದೇಬಿಟ್ಟರು.

ಅವರ ಟಿಕೆಟ್ ಇದ್ದದ್ದು ಜೂನ್ ಕೊನೆಗೆ, ಉಡುಪಿಯ ದೊಡ್ಡ ಮಗನ ಮನೆಗೆ. ಇನ್ನಷ್ಟು ದಿನ ಇರಿ ಎಂದು ನಾನು ಎಷ್ಟು ಬಾರಿ ಕೇಳಿದೆನೋ. ಅವರದು ಒಂದೇ ಮಾತು: "ಗಿಡಕ್ಕೆ ಬಿಸಿಲು ಬಂದ್ರೆ ಇರ್ತೇನೆ. ಇಲ್ಲದಿದ್ರೆ ನನಗಿಲ್ಲಿ ಎಂತ ಕೆಲಸ?" ಗಿಡವನ್ನು ತಾರಸಿಗೆ ಒಯ್ದು ನೋಡಿದ್ದೆವು, ಎರಡೇ ದಿನಕ್ಕೆ ಎಲೆ ಸುಟ್ಟುಹೋದವೆಂದು ಕೆಳಗೆ ತಂದಿದ್ದೆವು. ಊರಲ್ಲಿ ಸೂರ್ಯ ನೆತ್ತಿಗೆ ಬಂದು ಸ್ವಲ್ಪ ದಿನಕ್ಕೇ ಮೋಡ ಕಟ್ಟಿ ಮಳೆ ಹಿಡಿಯುತ್ತದೆ. ಇಲ್ಲಿ ನೆತ್ತಿಯ ಮೇಲೆ ನಿಂತವನಿಗೆ ಯಾವ ಮರೆಯೂ ಇಲ್ಲ, ಹಗಲೂ ಉದ್ದ.

ಆ ಶುಕ್ರವಾರ ಮಧ್ಯಾಹ್ನದ ಬಾಂಗ್ ಕೇಳಿತು. ಇಲ್ಲಿ ಸೂರ್ಯ ನಡುನೆತ್ತಿ ಮುಟ್ಟಿ ಸರಿಯುತ್ತಿದ್ದಂತೆ ಬಾಂಗ್ ಆಗುತ್ತದೆ. ಕೆಳಗೆ ನಿಂತ ಕಾರುಗಳಿಗೆ ನೆರಳೇ ಇರಲಿಲ್ಲ. ಬಾಲ್ಕನಿಯ ಕಂಬಿಯ ತನಕ ಬಂದ ಬಿಸಿಲು ಅಲ್ಲೇ ನಿಂತಿತ್ತು.

"ತಲೆ ಮೇಲೆ ತನಕ ಬಂದವನಿಗೆ ಒಂದು ಹೆಜ್ಜೆ ಈಚೆ ಇಡ್ಲಿಕ್ಕೆ ಎಂತ ದಾಡಿ?" ಎಂದರು ಅತ್ತೆ. ಧ್ವನಿ ಸಣ್ಣಗಾಗಿತ್ತು.

ಏನೂ ತೋಚದೆ ಒಳಗೆ ಹೋಗಿ ಅನ್ನ ಬಾಗಿಸಿ ಗಂಜಿ ಬಸಿಯುವ ದೊಡ್ಡ ಸ್ಟೀಲ್ ತಟ್ಟೆ ತಂದೆ. ಕಂಬಿಯ ಆಚೆಗೆ ಚಾಚಿ ಓರೆಯಾಗಿ ಹಿಡಿದೆ. ಬಿಸಿಲು ತಟ್ಟೆಗೆ ಬಡಿದು, ಒಳಗೆ ಹಾರಿ, ಗಿಡದ ಮೇಲೆ ಬಿತ್ತು. ತಟ್ಟೆ ಅಲುಗಿದಂತೆ ಎಲೆಗಳ ಮೇಲೆ ಬೆಳಕೂ ಅಲುಗಿತು.

ಅತ್ತೆ ನನ್ನನ್ನೇ ನೋಡಿದರು. "ಇದು ಸೂರ್ಯನದ್ದಾ, ನಿನ್ನ ತಟ್ಟೆಯದ್ದಾ?"

"ಬಂತಲ್ಲ ಅತ್ತೆ. ಮಾತು ಮಾತೇ."

"ಕಳ್ಳಿ!" ಎಂದು ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ, ಶುಕ್ರವಾರದ ರಜೆಯೆಂದು ಒಳಗಿದ್ದ ಮಗನನ್ನು ಕೂಗಿದರು, "ಏ, ನಿನ್ನ ಹೆಂಡತಿ ಸೂರ್ಯನನ್ನು ತಟ್ಟೆಯಲ್ಲಿ ಹಿಡಿದಿದ್ದಾಳೆ. ನನ್ನ ಟಿಕೆಟ್ ಖಲಾಸ್!" ಕೆಳಗಿನ ಅಂಗಡಿಯವರಿಂದ ಕಲಿತ ಮಾತು ಅದು. ತಟ್ಟೆ ಕಾದು ಬೆರಳು ಸುಡುತ್ತಿತ್ತು, ನಾನು ಬಿಡಲಿಲ್ಲ.

ಮರುದಿನ ಶನಿವಾರ ಗಂಡ ಆಫೀಸಿಗೆ ಹೋಗಿದ್ದರು. ಮಧ್ಯಾಹ್ನ ಉಂಡು ಮಲಗಿದ ಅತ್ತೆಯನ್ನು ನಾಲ್ಕು ಗಂಟೆಗೆ ಕಾಫಿಗೆ ಕರೆದೆ. ಏಳಲಿಲ್ಲ. ಹೃದಯ ನಿಂತಿತ್ತು ಎಂದರು ಡಾಕ್ಟರು. ಕಾಗದಪತ್ರ ಮುಗಿಯಲು ನಾಲ್ಕು ದಿನ ಹಿಡಿಯಿತು. ಅವರನ್ನು ಊರಿಗೆ ಒಯ್ದಾಗ ಅಲ್ಲಿ ಜಡಿಮಳೆ.

ಹಿಂದಿರುಗಿ ಬಂದ ಮೇಲೆ ಮಗಳ ಭೂಗೋಳದ ಪುಸ್ತಕ ಓದಿದೆ. ನಾನು ಹೆಚ್ಚು ಓದಿದವಳಲ್ಲ. ಅರ್ಥವಾಗದ್ದನ್ನು ಗಂಡನನ್ನು ಕೇಳಿದೆ. ದಕ್ಷಿಣಕ್ಕಿರುವ ನಿಜ್ವಾಕ್ಕೆ ಇಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆ. ಅದು ಸೂರ್ಯ ಹಿಂದಿರುಗುವ ಆ ಗೆರೆಯ ತೆಂಕಿಗಿದೆ, ನಮ್ಮ ಊರಿನ ಹಾಗೆ. ಅಲ್ಲಿ ಜೂನ್ ತಿಂಗಳಲ್ಲಿ ಕೆಲವು ವಾರ ಸೂರ್ಯ ನಡುನೆತ್ತಿ ದಾಟಿ ಬಡಗಿಗೆ ವಾಲುತ್ತಾನಂತೆ, ಒಂದು ಬೆರಳಿನಷ್ಟು. ಅಷ್ಟು ಬಿಸಿಲಿಗೆ ಮಲ್ಲಿಗೆ ಅರಳುತ್ತಿರಲಿಲ್ಲ. ಆದರೆ ಅತ್ತೆಗೆ ಇದು ಗೊತ್ತಾಗಿದ್ದರೆ "ನಾ ಹೇಳ್ಲಿಲ್ವಾ" ಎಂದು ವಾರವಿಡೀ ಗೆಲುವಿನಲ್ಲಿ ಓಡಾಡುತ್ತಿದ್ದರು, ಮನೆ ನಿಜ್ವಾಕ್ಕೆ ಬದಲಿಸಿ ಎಂದು ಮಗನಿಗೆ ಗಂಟು ಬೀಳುತ್ತಿದ್ದರು.

ಹಗಲು ಹೊತ್ತಿನಲ್ಲಿ ನನ್ನ ಜೊತೆ ವಾದಕ್ಕೆ ನಿಲ್ಲುವವರು ಈ ಮನೆಯಲ್ಲಿ ಈಗ ಯಾರೂ ಇಲ್ಲ.