ದೇವರ ಮನೆಯ ಪೆನ್‌ಡ್ರೈವ್

ಜಾಗ ಸಾಲದು, ಹಳೆಯದನ್ನು ಅಳಿಸಲೇ ಎಂದು ಈ ಬೆಳಿಗ್ಗೆ ಫೋನು ಕೇಳಿತು. ‘ಸುಮ್ನಿರಪ್ಪಾ!’ ಎಂದು ಅದನ್ನು ದಿಂಬಿನಡಿ ತುರುಕಿದೆ. ನೀವು ನಗಬಹುದು. ನಾನು ಒಮ್ಮೆ ‘ಹೌದು’ ಒತ್ತಿ ಅನುಭವಿಸಿದವನು.

ಸಖರಾಯಪಟ್ಟಣದ ನನ್ನ ಭಾವ ಊರವರಿಗೆ ಖಾತೆ, ಪಹಣಿಯ ಅರ್ಜಿ ಟೈಪು ಮಾಡಿಕೊಡುತ್ತಿದ್ದರು. ಅವರ ಕಂಪ್ಯೂಟರಿನ ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ಕಡೂರಿಗೆ ಹೋಗಿ ಬರಬಹುದಿತ್ತು. “ವಿಂಡೋಸ್ ಬದ್ಲು ಲಿನಕ್ಸ್ ಹಾಕಿದ್ರೆ ಓಡುತ್ತೆ ಭಾವ” ಎಂದೆ. ಹಿಂದೆ ಒಬ್ಬರಿಗೆ ಹಾಕಿಕೊಟ್ಟದ್ದು ಎರಡೇ ದಿನ ಓಡಿತ್ತು, ಅದನ್ನು ಹೇಳಲಿಲ್ಲ.

ಲಿನಕ್ಸನ್ನು ಪೆನ್‌ಡ್ರೈವಿಗೆ ಇಳಿಸಿ, ಕಂಪ್ಯೂಟರು ಅದರಿಂದಲೇ ಶುರುವಾಗುವಂತೆ ಮಾಡಬೇಕು. ನನ್ನ ಪೆನ್‌ಡ್ರೈವು ಚಿಕ್ಕದಾಯಿತು. ಭಾವ ದೇವರ ಮನೆಯಿಂದ, ವಿಭೂತಿ ಗಟ್ಟಿಯ ಪಕ್ಕದಲ್ಲಿದ್ದ ಒಂದನ್ನು ತಂದರು. ಅದಕ್ಕೆ ಕೆಂಪು ದಾರ ಕಟ್ಟಿತ್ತು.

“ಇದ್ರಲ್ಲಿ ಏನೈತೆ ಭಾವ?”

“ಏನೂ ಇಲ್ಲ ಕಣೋ. ನಿಮ್ಮಕ್ಕ ಸುಮ್ನೆ ಇಟ್ಟವ್ಳೆ.”

ಪೆನ್‌ಡ್ರೈವನ್ನು ಯಾರಾದರೂ ದೇವರ ಮುಂದೆ ಸುಮ್ಮನೆ ಇಡುತ್ತಾರೆಯೇ? ತೆರೆದು ನೋಡುವ ಬುದ್ಧಿ ನನಗಾದರೂ ಬೇಡವೇ? ಎಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಪರದೆ ಎರಡು ಸಲ ಕೇಳಿತು. ಎರಡು ಸಲವೂ ಒತ್ತಿದೆ. ಆಮೇಲೆ ಪೆನ್‌ಡ್ರೈವಿನಿಂದ ಶುರುಮಾಡಿಸಲು ಎಫ್ ಟೂ, ಎಫ್ ಟ್ವೆಲ್ವ್, ಡಿಲೀಟ್ ಎಂದು ಸಿಕ್ಕ ಕೀಲಿಯನ್ನೆಲ್ಲ ಕುಟ್ಟಿ ಕುಟ್ಟಿ ಬೆರಳು ನೊಂದವು; ಆ ದರಿದ್ರ ಪೆಟ್ಟಿಗೆ ಮಧ್ಯಾಹ್ನದವರೆಗೂ ಹಳೆಯ ವಿಂಡೋಸನ್ನೇ ತೋರಿಸಿತು. ಅಂತೂ ಲಿನಕ್ಸ್ ಬಂತು. ಭಾವ ಬೆನ್ನು ತಟ್ಟಿದರು.

ಅಷ್ಟರಲ್ಲಿ ಅಕ್ಕ ಬಂದಳು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತೊಂದೇ. ಅದಕ್ಕೆ ಮೊದಲು ನೆಂಟರಿಷ್ಟರ ಯಾವ ಮದುವೆಯೂ ಅವಳ ಸೋಬಾನೆಯಿಲ್ಲದೆ ನಡೆದದ್ದಿಲ್ಲ. ಆಪರೇಷನ್ನಿನ ಹಿಂದಿನ ದಿನ ಹನ್ನೊಂದು ಹಾಡು ಹಾಡಿ ಪೆನ್‌ಡ್ರೈವಿಗೆ ತುಂಬಿಸಿದ್ದಳು. ಅಲ್ಲಿಂದೀಚೆಗೆ ಮದುವೆಮನೆಗಳಲ್ಲಿ ಅವಳ ಬದಲು ಅದೇ ಹಾಡುತ್ತಿತ್ತು. ಅದು ಈ ಕೆಂಪು ದಾರದ್ದೇ ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ; ಬೇರೆ ಪ್ರತಿಯೂ ಇರಲಿಲ್ಲ.

“ನಾಳೆ ಯಗಟೀಲಿ ಮದ್ವೆ ಕಣೋ. ದೇವ್ರ ಮನೇಲಿದ್ದ ನನ್ ಪೆನ್‌ಡ್ರೈವ್ ಎಲ್ಲೋಯ್ತು?”

ಭಾವ ನನ್ನ ಮುಖ ನೋಡಿದರು. ನಾನು ನಡೆದದ್ದು ಹೇಳಿದೆ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ, ಕುರ್ಚಿ ಎಳೆದು ಕೂತು, “ಬರ್ಕೋ” ಎಂದಳು. ಹನ್ನೊಂದನ್ನೂ ಪಿಸುಗುಟ್ಟಿದಳು. ಬರೆದುಕೊಂಡದ್ದನ್ನು ಹಾಡಿ ತೋರಿಸುವಾಗ ನಾನು ರಾಗ ತಪ್ಪಿದಾಗಲೆಲ್ಲ ಮೊಣಕೈಗೆ ಹೊಡೆದಳು.

ಯಗಟಿಯಲ್ಲಿ ಹೆಂಗಸರ ನಡುವೆ ಕೂತು ನಾನೇ ಹಾಡಿದೆ. ನಕ್ಕರು. ನಗಲಿ, ಮಾಡಿದ್ದುಣ್ಣಬೇಕಲ್ಲ.

ಈಗ ನನ್ನನ್ನು ಕಂಪ್ಯೂಟರ್ ರಿಪೇರಿಗೆ ಯಾರೂ ಕರೆಯುವುದಿಲ್ಲ, ಸೋಬಾನೆಗೆ ಕರೆಯುತ್ತಾರೆ. ಅಕ್ಕ ಪಕ್ಕದಲ್ಲಿ ಕೂತು ತುಟಿ ಆಡಿಸುತ್ತಾಳೆ. ಹನ್ನೊಂದು ಹಾಡೂ ನನಗೆ ಬಾಯಿಪಾಠ. ಅವಳ ದನಿ ಹೇಗಿತ್ತೆಂಬುದು ಮಾತ್ರ, ಹಾಡಿದಷ್ಟೂ ಮರೆತುಹೋಗುತ್ತಿದೆ.