ನಾಲ್ಕನೆಯ ಭಾಗದಲ್ಲಿ ತಮ್ಮನ ಸರದಿ

ಶುಕ್ರವಾರ ಸಂಜೆ ಟಿ.ವಿ. ಪರದೆಯ ಮೇಲೆ ವಿಡಿಯೋ ಗೇಮಿನ ಅನ್ವೇಷಕ ನೀರಿನಲ್ಲಿ ಮುಳುಗಿ ಸತ್ತ. ಸೋಫಾದ ಎಡತುದಿಯಲ್ಲಿ ಕೂತಿದ್ದ ಹಲ್ಲಕ್ಕ, ಪರದೆಯಿಂದ ಕಣ್ಣು ಕೀಳದೆ, ಕೈಯಲ್ಲಿದ್ದ ಕಂಟ್ರೋಲರನ್ನು ಬಲಕ್ಕೆ ಚಾಚಿದರು. ಯಾರೂ ತೆಗೆದುಕೊಳ್ಳಲಿಲ್ಲ. ಬಲತುದಿಯಲ್ಲಿ ಒಗೆದು ಮಡಿಸದೆ ಬಿಟ್ಟ ಬಟ್ಟೆಗಳ ರಾಶಿಯಿತ್ತು. ಕಂಟ್ರೋಲರನ್ನು ಆ ರಾಶಿಯ ಮೇಲಿಟ್ಟು, ಎದ್ದು ಹೋಗಿ ಒಲೆ ಹಚ್ಚಿದರು. ಆ ರಾತ್ರಿ ಮತ್ತೆ ಆಡಲಿಲ್ಲ.

ಹಲ್ಲಕ್ಕ ಎಂಬುದು ಕೆಲಸದ ಜಾಗದಲ್ಲಿ ಅಂಟಿಕೊಂಡ ಹೆಸರು. ವಯಸ್ಸು ನಲವತ್ತಾರು. ಬಟ್ಟೆ ಅಂಗಡಿಯೊಂದರ ನೆಲಮಾಳಿಗೆಯಲ್ಲಿರುವ ಲ್ಯಾಬಿನಲ್ಲಿ ಕಟ್ಟಿಸುವ ಹಲ್ಲಿನ ಸೆಟ್ ಮಾಡುತ್ತಾರೆ. ದಂತವೈದ್ಯರು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ; ಜೊತೆಗೆ ಕೆಲಸ ಮಾಡುವ ಪ್ಲಾಸ್ಟರ್ ಮಾಮ ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ; ಹಲ್ಲಕ್ಕ ಆ ಅಚ್ಚಿನ ಮೇಲೆ ಮೇಣದ ಒಸಡು ಕಟ್ಟಿ ಹಲ್ಲು ಜೋಡಿಸುತ್ತಾರೆ. ತೀರಾ ನೇರವಾಗಿ ಜೋಡಿಸಿದರೆ ಸುಳ್ಳೆಂದು ಎದ್ದು ಕಾಣುತ್ತದೆ. ಹಾಗಾಗಿ ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡುತ್ತಾರೆ. ಅವರ ಮೇಜಿಗೆ ಬಾಯಿಗಳು ಮಾತ್ರ ಬರುತ್ತವೆ, ಮುಖಗಳು ಬರುವುದಿಲ್ಲ. ತಾವು ಮಾಡಿದ ಹಲ್ಲಿನಿಂದ ಯಾರಾದರೂ ನಗುವುದನ್ನು ಅವರು ನೋಡಿದ್ದಿಲ್ಲ.

ಮನೆಯಲ್ಲಿ ಒಬ್ಬರೇ. ಮದುವೆಯಾಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೂ ಇಲ್ಲ. ಒಬ್ಬ ತಮ್ಮನಿದ್ದಾನೆ. ಊರಿನ ಇನ್ನೊಂದು ತುದಿಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಇರುತ್ತಾನೆ. ಅಕ್ಕತಮ್ಮಂದಿರ ನಡುವೆ ಜಗಳವಾಗಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಹುಟ್ಟುಹಬ್ಬಕ್ಕೆ ಫೋನು, ಯಾರಾದರೂ ಆಸ್ಪತ್ರೆ ಸೇರಿದರೆ ಫೋನು, ಅಷ್ಟೆ.

ಚಿಕ್ಕಂದಿನಲ್ಲಿ ಇಬ್ಬರಿಗೂ ಸೇರಿ ಒಂದೇ ಕಂಟ್ರೋಲರ್ ಇತ್ತು. ಹಗ್ಗ, ಲಾಂದ್ರ ಹಿಡಿದು ಗುಹೆ, ಗೋರಿ, ಪಾಳು ಅರಮನೆಗಳನ್ನು ಹೊಕ್ಕು ನಿಧಿ ಹುಡುಕುವ ಅನ್ವೇಷಕನ ಆಟವೆಂದರೆ ಇಬ್ಬರಿಗೂ ಪ್ರಾಣ. ದಿನವೂ ಹಾವು ಮುಂಗುಸಿಯಂತೆ ಕಚ್ಚಾಡುವುದನ್ನು ನೋಡಿ ಬೇಸತ್ತ ಅಮ್ಮ ಒಂದು ಕಾನೂನು ಮಾಡಿದ್ದರು: ಸತ್ತವರು ಕೊಡಬೇಕು, ಕೊಟ್ಟಮೇಲೆ ಕೇಳಬಾರದು. ಅಕ್ಕ ಎಡಕ್ಕೆ, ತಮ್ಮ ಬಲಕ್ಕೆ. ಆ ಸರಣಿಯ ಮೊದಲ ಮೂರು ಭಾಗಗಳನ್ನು ಹಾಗೆಯೇ ಮುಗಿಸಿದರು. ನಾಲ್ಕನೆಯದರಲ್ಲಿ ನೀರು ತುಂಬುವ ಸುರಂಗವೊಂದಿದೆ. ಅಲ್ಲಿ ಅಕ್ಕ ಸತ್ತು ಕಂಟ್ರೋಲರ್ ಕೊಟ್ಟಾಗ ಅಮ್ಮ ಊಟಕ್ಕೆ ಕರೆದರು. ಮರುದಿನ ತಮ್ಮ ಬೇರೆ ಊರಿಗೆ ಓದಲು ಹೋದ. ಅವನು ರಜೆಗೆ ಬರುವಷ್ಟರಲ್ಲಿ ಆಟದ ಯಂತ್ರ ಕೆಟ್ಟಿತ್ತು.

ಈ ವರ್ಷ ಎಲ್ಲ ಭಾಗಗಳೂ ಸೇರಿ ಹೊಸ ಯಂತ್ರಕ್ಕೆ ಮತ್ತೆ ಬಂದಾಗ ಹಲ್ಲಕ್ಕ ತರಿಸಿಕೊಂಡರು. ಮೊದಲ ಮೂರರಲ್ಲೂ ಸತ್ತಾಗಲೆಲ್ಲ ಕೈ ತಾನಾಗಿ ಬಲಕ್ಕೆ ಹೋಗುತ್ತಿತ್ತು. ತಮ್ಮಷ್ಟಕ್ಕೆ ನಕ್ಕು, ಕೈ ಹಿಂದಕ್ಕೆ ತಂದುಕೊಂಡು ಆಡುತ್ತಿದ್ದರು. ಅವು ಹಿಂದೆಯೇ ಮುಗಿಸಿದ ಆಟಗಳು. ಅಲ್ಲಿ ಯಾರ ಸರದಿಯೂ ಉಳಿದಿರಲಿಲ್ಲ.

ನಾಲ್ಕನೆಯ ಭಾಗವನ್ನು ಹೊಗಳುವವರಿಲ್ಲ. ಅವಸರದಲ್ಲಿ ಮಾಡಿದ್ದು ಎದ್ದು ಕಾಣುತ್ತದೆ. ಅನ್ವೇಷಕ ಹಾರಬೇಕಾದ ಹೊತ್ತಿಗೆ ಸರಿಯಾಗಿ ಪರದೆಯ ನೋಟ ತಿರುಗಿ ಗೋಡೆಯನ್ನು ತೋರಿಸುತ್ತದೆ. ಹಗ್ಗ ಒಮ್ಮೆ ಕೊಕ್ಕೆಗೆ ಸಿಕ್ಕರೆ ಇನ್ನೊಮ್ಮೆ ಸಿಕ್ಕದು. ಗೋರಿಗಳ ಬದಲು ಒಂದೇ ಬಣ್ಣದ ಗೋದಾಮುಗಳು. ಪ್ಲಾಸ್ಟರ್ ಮಾಮನಿಗೂ ಇದು ಗೊತ್ತು.

"ಏನಕ್ಕಾ, ಎಲ್ಲಾ ಬಿಟ್ಟು ಆ ಮುರುಕಲು ಭಾಗಕ್ಕೆ ಜೋತುಬಿದ್ದಿದ್ದೀಯಂತೆ? ನನ್ನ ಮಗ ಅರ್ಧ ಗಂಟೆ ಆಡಿ ಬಿಸಾಕ್ದ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ."

"ಹಾಗಾದ್ರೆ ನೆಲ ಡೊಂಕಿಲ್ವಾ?"

"ಡೊಂಕೇ ಮಾಮ. ಅದನ್ನ ನಾವು ಹೇಳಬಹುದು, ನಿಮ್ಮ ಮಗ ಹೇಳಬಾರದು."

ಆದರೆ ಮತ್ತೆ ಆಡುವಾಗ ಒಂದು ವಿಷಯ ಅವರಿಗೆ ಹೊಳೆಯಿತು. ಒಳ್ಳೆಯ ಭಾಗಗಳಲ್ಲಿ ಬೇಗ ಸಾಯುವುದಿಲ್ಲ. ಒಬ್ಬರು ಆಡುತ್ತಲೇ ಇರುತ್ತಾರೆ, ಇನ್ನೊಬ್ಬರು ಆಕಳಿಸುತ್ತಾ ನೋಡಬೇಕು. ಈ ಕೆಟ್ಟ ಭಾಗದಲ್ಲಿ ಹೆಜ್ಜೆಹೆಜ್ಜೆಗೂ ಸಾವು. ಕಂಟ್ರೋಲರ್ ಒಬ್ಬರ ಕೈಯಲ್ಲಿ ಬಿಸಿಯಾಗುವ ಮೊದಲೇ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಇಬ್ಬರೂ ಕೂಡಿ ಅತಿ ಹೆಚ್ಚು ಆಡಿದ್ದು, ಬೈದದ್ದು, ನಕ್ಕದ್ದು ಇದರಲ್ಲೇ.

ಶುಕ್ರವಾರ ಅನ್ವೇಷಕ ಮುಳುಗಿದ್ದು ಅದೇ ಸುರಂಗದಲ್ಲಿ. ಹಳೆಯ ಲೆಕ್ಕದಲ್ಲೂ ಹೊಸ ಲೆಕ್ಕದಲ್ಲೂ ಈಗ ಸರದಿ ತಮ್ಮನದು. ತಮಾಷೆಯೆಂದು ತಳ್ಳಿಹಾಕಲು ಹಲ್ಲಕ್ಕನಿಗೆ ಮನಸ್ಸು ಬರಲಿಲ್ಲ. ಶನಿವಾರ ತಾವಾಗಿಯೇ ಫೋನು ಮಾಡಿದರು.

"ಲೋ, ನಮ್ಮ ಹಳೇ ಗೇಮ್ ತರಿಸಿದ್ದೀನಿ. ನಾಳೆ ಬಾರೋ."

"ಓಹೋ! ಬರ್ತೀನಿ ಬರ್ತೀನಿ. ಊಟಕ್ಕೇ ಬರ್ತೀನಿ."

ಭಾನುವಾರ ಬೆಳಿಗ್ಗೆ ಬಟ್ಟೆ ಮಡಿಸಿ ಬೀರುವಿಗೆ ಸೇರಿಸಿದರು. ಸೋಫಾದ ಬಲತುದಿ ತೆರವಾಯಿತು. ಇಬ್ಬರಿಗೆ ಅಡುಗೆ ಮಾಡಿ, ಟಿ.ವಿ. ಹಾಕಿ, ಆಟವನ್ನು ಸುರಂಗದ ಬಾಯಿಗೆ ತಂದು ನಿಲ್ಲಿಸಿದರು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಫೋನು ಬಂತು.

"ಅಕ್ಕಾ, ಬೈಬೇಡ. ಇವತ್ತು ಚಿಕ್ಕವಳದು ಈಜು ಸ್ಪರ್ಧೆ, ನನಗೆ ಮರೆತೇಹೋಗಿತ್ತು. ಇವಳು ಬೇರೆ ಮುಖ ಊದಿಸ್ಕೊಂಡಿದ್ದಾಳೆ."

"ಇರಲಿ ಬಿಡು. ಇನ್ನೊಂದು ವಾರ ಬಾ. ಅಲ್ಲೀವರೆಗೂ ಹಾಗೇ ಇಟ್ಟಿರ್ತೀನಿ."

"ಏನನ್ನ?"

"ಆಟಾನ. ನಿನ್ನ ಸರದಿ ಅಲ್ವಾ."

"ಯಾವ ಸರದಿ?"

"ಸುರಂಗದಲ್ಲಿ ಕೊನೇ ಸಲ ಸತ್ತಿದ್ದು ನಾನು ಕಣೋ. ನಿನಗೆ ಕೊಟ್ಟೆ. ಮಾರನೇ ದಿನ ನೀನು ಹೊರಟುಹೋದೆ."

"ಸುರಂಗ... ಹಾಂ! ಆ ಕಪಿ ಬೀಗದಕೈ ಕಿತ್ಕೊಂಡು ಓಡುತ್ತಲ್ಲ, ಅದೇ ತಾನೆ? ಎಷ್ಟು ನಕ್ಕಿದ್ವಿ ಅವತ್ತು!"

"ಅದು ಎರಡನೇದು. ಇದು ನಾಲ್ಕನೇದು."

"ನಾಲ್ಕನೇದಾ? ಅದನ್ನ ನಾವು ಆಡಿದ್ವಾ?"

ಆ ಕಡೆಯಿಂದ ಸೀಟಿ ಊದಿದ ಸದ್ದು, ಮಕ್ಕಳ ಕಿರುಚಾಟ ಕೇಳಿಸಿತು. ಹಲ್ಲಕ್ಕ ಟಿ.ವಿ.ಯ ಸದ್ದು ಕಡಿಮೆ ಮಾಡಿದರು.

"ಆಡಿದ್ವಿ. ಅಷ್ಟೇನೂ ಚೆನ್ನಾಗಿರ್ಲಿಲ್ಲ ಅದು."

"ಅದಕ್ಕೇ ತಲೇಲಿ ಉಳಿದಿಲ್ಲ ನೋಡು. ನನಗೋಸ್ಕರ ಯಾಕೆ ಕಾಯ್ತೀಯಕ್ಕಾ? ನೀನೇ ಆಡಿ ಮುಗಿಸ್ಬಿಡು. ಅಯ್ಯೋ, ಚಿಕ್ಕವಳ ಹೆಸರು ಕೂಗ್ತಿದ್ದಾರೆ, ಇಡ್ಲಾ?"

"ಇಡು. ಅವಳಿಗೆ ಅತ್ತೆ ಕೇಳಿದ್ಲು ಅಂತ ಹೇಳು."

ತಮ್ಮನ ಮಾತಿನಲ್ಲಿ ಕೊಂಕಿರಲಿಲ್ಲ. ಅವನಿಗೆ ನಿಜವಾಗಿಯೂ ನೆನಪಿಲ್ಲ, ಅಷ್ಟೆ. ಇಷ್ಟು ವರ್ಷ ಆ ಸರದಿ ಇದ್ದದ್ದು ಹಲ್ಲಕ್ಕನ ತಲೆಯಲ್ಲಿ ಮಾತ್ರ.

ಊಟಕ್ಕೆ ಒಂದೇ ತಟ್ಟೆ ಹಾಕಿಕೊಂಡರು. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಪಾತ್ರೆ ತೊಳೆದರು. ಆಮೇಲೆ ಸೋಫಾದ ನಡುವೆ ಕೂತು ಕಂಟ್ರೋಲರ್ ತೆಗೆದುಕೊಂಡು ತಮ್ಮನ ಸರದಿಯನ್ನು ಆಡಿದರು. ಮೊದಲ ಯತ್ನಕ್ಕೇ ಸುರಂಗ ದಾಟಿದ್ದಾಯಿತು. ಆಚೆಗಿದ್ದದ್ದು ಒಂದು ಖಾಲಿ ಕೋಣೆ. ನಾಲ್ಕೂ ಗೋಡೆಗಳಿಗೆ ಒಂದೇ ಕಲ್ಲಿನ ಚಿತ್ರವನ್ನು ಅಂಟಿಸಿದ್ದರು. ಆಟವನ್ನು ಅಲ್ಲಿಗೆ ಉಳಿಸಿ ಟಿ.ವಿ. ಆರಿಸಿದರು.

ನಾಲ್ಕನೆಯ ಭಾಗದಲ್ಲಿ ಇನ್ನೂ ಮೂರು ಅಧ್ಯಾಯಗಳಿವೆ. ಸೋಮವಾರ ಲ್ಯಾಬಿಗೆ ವಾರದ ಅಳತೆಗಳೆಲ್ಲ ಒಟ್ಟಿಗೆ ಬರುವುದರಿಂದ ಮನೆ ಸೇರುವುದು ತಡವಾಗುತ್ತದೆ. ಹಲ್ಲಕ್ಕ ಮಂಗಳವಾರದಿಂದ ಮುಂದೆ ಆಡುತ್ತಾರೆ.